ಹೇಳದೆ ಕೇಳದೆ ಕೆಲಸ ಬಿಡುವುದು: ರಾಜೀನಾಮೆ ಪತ್ರದ ಪಾಠಕ್ಕೊಂದು ಹಿನ್ನೆಲೆ

ಪ್ರೌಢಶಾಲೆಯ ಕನ್ನಡ ತರಗತಿಗಳಲ್ಲಿ ಪತ್ರಲೇಖನಕ್ಕೆ ಮೀಸಲಾದ ಅವಧಿಗಳು ಬಹುಮಟ್ಟಿಗೆ ಮೂರು ನಾಲ್ಕು ಬಗೆಯ ಪತ್ರಗಳಲ್ಲಿಯೇ ಮುಗಿದುಹೋಗುತ್ತವೆ. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಅರ್ಜಿ, ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಬರೆಯುವ ಪತ್ರ, ರಸ್ತೆಯ ದುರಸ್ತಿಗಾಗಿ ಪಂಚಾಯಿತಿಗೆ ಸಲ್ಲಿಸುವ ಮನವಿ, ಬಹುಮಾನ ಪಡೆದ ಗೆಳೆಯನಿಗೆ ಅಭಿನಂದನೆ. ಉದ್ಯೋಗಕ್ಕೆ ಅರ್ಜಿ ಬರೆಯುವುದನ್ನು ಕೆಲವು ಶಿಕ್ಷಕರು ಕಲಿಸುವುದುಂಟು. ಉದ್ಯೋಗವನ್ನು ಬಿಡುವ ಪತ್ರವನ್ನು ಕಲಿಸುವವರು ವಿರಳ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲವೆಂಬುದು ಒಂದು ಕಾರಣ. ಹದಿನಾರರ ಹರೆಯದ ಮಕ್ಕಳಿಗೆ ಅದರ ಅಗತ್ಯವೇನೆಂಬ ಭಾವನೆ ಮತ್ತೊಂದು.

ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಈ ಎರಡನೆಯ ಭಾವನೆ ಸರಿಯಲ್ಲ. ಹೊಸೂರು, ಡೆಂಕಣಿಕೋಟೆಗಳ ಸುತ್ತಿನ ಮಕ್ಕಳು ಹತ್ತನೆಯ ತರಗತಿಯೋ ಐಟಿಐಯೋ ಮುಗಿದೊಡನೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಬಾಗಿಲಲ್ಲಿ ನಿಲ್ಲುತ್ತಾರೆ. ತಾಳವಾಡಿಯ ಮಕ್ಕಳನ್ನು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಕರೆಯುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ವಿದ್ಯುತ್ ಮಗ್ಗ, ರಾಯದುರ್ಗದಲ್ಲಿ ಸಿದ್ಧ ಉಡುಪು, ಕಾಸರಗೋಡಿನಲ್ಲಿ ಮಂಗಳೂರಿನ ಅಂಗಡಿ ಆಸ್ಪತ್ರೆಗಳು ಇಲ್ಲವೇ ಗಲ್ಫಿನ ವಿಮಾನ. ಶಾಲೆ ಬಿಟ್ಟ ಎರಡು ಮೂರು ವರ್ಷಗಳೊಳಗೆ ಇವರಲ್ಲಿ ಬಹಳ ಮಂದಿ ಮೊದಲ ಕೆಲಸಕ್ಕೆ ಸೇರಿರುತ್ತಾರೆ, ಅದನ್ನು ಬಿಟ್ಟೂ ಇರುತ್ತಾರೆ. ಹೇಗೆ ಬಿಟ್ಟರು ಎಂದು ಕೇಳಿದರೆ ಸಿಗುವ ಉತ್ತರ ಬಹಳಷ್ಟು ಸಲ ಒಂದೇ: ‘ಹೋಗಲಿಲ್ಲ, ಅಷ್ಟೇ.’

ಈ ‘ಅಷ್ಟೇ’ ಎಂಬ ಮಾತಿನ ಹಿಂದೆ ಸೋಮಾರಿತನವೋ ಉದ್ಧಟತನವೋ ಇರುವುದು ಅಪರೂಪ. ಹೆಚ್ಚಾಗಿ ಇರುವುದು ಭಾಷೆಯ ಕೊರತೆ. ನೇಮಕಾತಿ ಪತ್ರ ಇಂಗ್ಲಿಷಿನಲ್ಲಿ, ಮೇಲ್ವಿಚಾರಕನ ಮಾತು ತಮಿಳಿನಲ್ಲೋ ಮರಾಠಿಯಲ್ಲೋ ಮಲಯಾಳದಲ್ಲೋ, ಓದಿದ್ದು ಕನ್ನಡದಲ್ಲಿ. ಹೊರಡುತ್ತೇನೆ ಎಂಬುದನ್ನು ಯಾರಿಗೆ, ಯಾವ ಮಾತಿನಲ್ಲಿ, ಎಷ್ಟು ದಿನ ಮುಂಚೆ ಹೇಳಬೇಕೆಂದು ಯಾರೂ ಕಲಿಸಿರದ ಹುಡುಗ ಮೌನವನ್ನು ಆರಿಸಿಕೊಳ್ಳುತ್ತಾನೆ. ಆದುದರಿಂದ ಇದು ನೀತಿಪಾಠಕ್ಕಿಂತ ಮೊದಲು ಭಾಷಾಪಾಠ. ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಎರಡು ಅವಧಿಗಳನ್ನು ಇದಕ್ಕೆ ಕೊಡುವ ಶಿಕ್ಷಕರಿಗೆ ಬೇಕಾದ ಹಿನ್ನೆಲೆಯನ್ನು ಮುಂದೆ ಕೊಡಲಾಗಿದೆ.

ಚರ್ಚೆಗೊಂದು ಸಂಗತಿ

ಕೆಳಗಿನ ಸಂಗತಿಯನ್ನು ತರಗತಿಯ ಚರ್ಚೆಗಾಗಿಯೇ ಹೆಣೆಯಲಾಗಿದೆ. ಆದರೂ ಇದರ ಒಂದೊಂದು ಎಳೆಯನ್ನು ತಮ್ಮ ಹಳೆಯ ವಿದ್ಯಾರ್ಥಿಗಳ ಬಾಯಿಂದ ಕೇಳದ ಶಿಕ್ಷಕರು ಗಡಿಭಾಗದಲ್ಲಿ ಕಡಿಮೆ.

ಡೆಂಕಣಿಕೋಟೆ ಕಡೆಯ ಹಳ್ಳಿಯ ಒಬ್ಬ ಹುಡುಗ ಐಟಿಐ ಮುಗಿಸಿ ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಸೇರಿದ. ಸೇರುವಾಗ ಎರಡು ಪುಟದ ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿದ. ಕೆಲಸ ಬಿಡುವುದಾದರೆ 30 ದಿನ ಮುಂಚಿತವಾಗಿ ತಿಳಿಸಬೇಕೆಂಬ ಸಾಲು ಅದರಲ್ಲಿತ್ತು, ಅವನು ಓದಿರಲಿಲ್ಲ. ಹದಿನಾಲ್ಕು ತಿಂಗಳು ದುಡಿದ. ಸಂಕ್ರಾಂತಿಗೆ ಮೂರು ದಿನದ ರಜೆ ಪಡೆದು ಊರಿಗೆ ಹೋದವನಿಗೆ ತಂದೆ ಹಾಸಿಗೆ ಹಿಡಿದದ್ದು ಕಾಣಿಸಿತು. ರಾಗಿ ಒಕ್ಕಣೆ ಉಳಿದಿತ್ತು. ಮೂರು ದಿನ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಮೇಲ್ವಿಚಾರಕನ ಕರೆ ಬಂದಾಗ ಏನು ಹೇಳುವುದೆಂದು ತೋಚದೆ ಅವನು ಫೋನ್ ಎತ್ತಲಿಲ್ಲ. ಆಮೇಲೆ ಸಿಮ್ಮನ್ನೇ ಬದಲಿಸಿದ. ಕಾರ್ಖಾನೆಯಿಂದ ಮನೆಗೆ ಒಂದು ಪತ್ರ ಬಂತು, ಅದೂ ಇಂಗ್ಲಿಷಿನಲ್ಲಿ. ತಾಯಿ ಅದನ್ನು ಪಡಿತರ ಚೀಟಿಯ ಜೊತೆಗೆ ಜೋಪಾನವಾಗಿ ಇಟ್ಟಳು.

ಎರಡು ವರ್ಷದ ನಂತರ ಅದೇ ಹೊಸೂರಿನ ಇನ್ನೂ ದೊಡ್ಡ ಕಾರ್ಖಾನೆಯೊಂದರಲ್ಲಿ ಪರೀಕ್ಷೆ, ಸಂದರ್ಶನ ಎರಡರಲ್ಲೂ ಅವನು ಆಯ್ಕೆಯಾದ. ಹಿಂದೆ ಎಲ್ಲಿ ಕೆಲಸ ಮಾಡಿದ್ದೀರಿ ಎಂಬ ಪ್ರಶ್ನೆಗೆ, ಬಿಡುಗಡೆ ಪತ್ರ ಕೇಳಿಯಾರೆಂಬ ಭಯದಿಂದ, ಎಲ್ಲಿಯೂ ಇಲ್ಲ ಎಂದು ಬರೆದ. ಭವಿಷ್ಯನಿಧಿಗೆ ಹೆಸರು ನೋಂದಾಯಿಸುವಾಗ ಆಧಾರ್ ಸಂಖ್ಯೆ ಹಾಕಿದೊಡನೆ ಹಳೆಯ ಖಾತೆ ಸಂಖ್ಯೆ ತೆರೆದುಕೊಂಡಿತು. ಹಳೆಯ ಕಾರ್ಖಾನೆಯ ಹೆಸರೂ ಅಲ್ಲಿತ್ತು, ನಿರ್ಗಮನದ ದಿನಾಂಕ ಮಾತ್ರ ಖಾಲಿಯಿತ್ತು. ಸಿಬ್ಬಂದಿ ವಿಭಾಗದವರು ಕೇಳಿದ್ದು ಏಕೆ ಬಿಟ್ಟೆ ಎಂದಲ್ಲ, ಏಕೆ ಮುಚ್ಚಿಟ್ಟೆ ಎಂದು.

ಇಲ್ಲಿ ನಿಲ್ಲಿಸಿ, ಹುಡುಗ ತಪ್ಪಿದ್ದು ಎಲ್ಲಿ ಎಂದು ತರಗತಿಯನ್ನು ಕೇಳಬೇಕು. ಊರಿಗೆ ಹೋದದ್ದೇ ತಪ್ಪು ಎಂದು ಕೆಲವರು ಹೇಳಿಯಾರು. ತಂದೆಯ ಬಳಿ ಉಳಿದುದನ್ನು ತಪ್ಪೆನ್ನಲು ಮಕ್ಕಳ ಮನಸ್ಸು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಸ್ವಲ್ಪ ಹೊತ್ತು ಬಿಟ್ಟರೆ ಅವರೇ ಆ ಕ್ಷಣಕ್ಕೆ ಬರುತ್ತಾರೆ: ಎತ್ತದೆ ಹೋದ ಫೋನ್. ಅಂದು ಎರಡು ನಿಮಿಷ ಮಾತಾಡಿ, ನಾಲ್ಕು ಸಾಲು ಬರೆದು ಕಳಿಸಿದ್ದರೆ ರಜೆ ಮುಂದುವರಿಯುತ್ತಿತ್ತು; ಇಲ್ಲವೇ ಕೆಲಸ ಕ್ರಮವಾಗಿ ಮುಗಿಯುತ್ತಿತ್ತು. ಹದಿನಾಲ್ಕು ತಿಂಗಳ ಅನುಭವವನ್ನು ಮುಚ್ಚಿಡಬೇಕಾದ ಗತಿ ಬರುತ್ತಿರಲಿಲ್ಲ.

ಕಾಗದದಲ್ಲಿ ಏನಾಗುತ್ತದೆ

ಬಿಡುವುದು ಮತ್ತು ಗೈರುಹಾಜರಾಗುವುದು ಮಕ್ಕಳ ಕಣ್ಣಿಗೆ ಒಂದೇ. ಕಾಗದದಲ್ಲಿ ಅವು ಬೇರೆ ಬೇರೆ. ಭಾರತದ ಕಾರ್ಖಾನೆಗಳಲ್ಲಿ ಮುನ್ಸೂಚನೆಯ ಪದ್ಧತಿ ಬೇರೂರಿದ್ದು ಬಹುಮಟ್ಟಿಗೆ 1946ರ ಔದ್ಯೋಗಿಕ ಸ್ಥಾಯಿ ಆದೇಶಗಳ ಕಾಯಿದೆಯಿಂದ. ಅದರ ಮಾದರಿ ನಿಯಮಗಳ ಪ್ರಕಾರ ತಿಂಗಳ ಸಂಬಳದ ಕಾಯಂ ಕಾರ್ಮಿಕ ಕೆಲಸ ಬಿಡಬೇಕಾದರೆ ಒಂದು ತಿಂಗಳ, ಉಳಿದವರು ಎರಡು ವಾರಗಳ ಲಿಖಿತ ಸೂಚನೆ ಕೊಡಬೇಕು. ಮಾಲೀಕ ತೆಗೆದುಹಾಕುವುದಾದರೂ ಅಷ್ಟೇ ಸೂಚನೆ ಕೊಡಬೇಕು. ಸೂಚನೆಯ ಬದಲಿಗೆ ಅಷ್ಟು ದಿನಗಳ ಸಂಬಳವನ್ನು ಕೊಟ್ಟು ಸಂಬಂಧ ಮುಗಿಸಲೂ ಅವಕಾಶವಿದೆ. ಈ ನಿಯಮ ಎರಡೂ ಕಡೆಯವರನ್ನು ಕಟ್ಟುತ್ತದೆ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಮುನ್ಸೂಚನೆ ಕಾರ್ಮಿಕನಿಗೂ ರಕ್ಷಣೆಯೇ.

ಅದೇ ಮಾದರಿ ನಿಯಮಗಳಲ್ಲಿ ಇನ್ನೂ ಎರಡು ಮಾತುಗಳಿವೆ. ರಜೆ ಮುಗಿದು 8 ದಿನಗಳೊಳಗೆ ಹಿಂದಿರುಗಿ ಕಾರಣ ತಿಳಿಸದ ಕಾರ್ಮಿಕ ತನ್ನ ಹುದ್ದೆಯ ಮೇಲಣ ಹಕ್ಕನ್ನು ಕಳೆದುಕೊಳ್ಳುತ್ತಾನೆ. 10 ದಿನಕ್ಕೂ ಮೀರಿ ರಜೆಯಿಲ್ಲದೆ ಗೈರಾಗುವುದು ದುರ್ನಡತೆಗಳ ಪಟ್ಟಿಯಲ್ಲಿ ಸೇರಿದೆ. ಹೀಗೆ, ಒಂದು ಪತ್ರ ಬರೆದಿದ್ದರೆ ‘ಸ್ವಇಚ್ಛೆಯಿಂದ ರಾಜೀನಾಮೆ’ ಎಂದು ದಾಖಲಾಗುತ್ತಿದ್ದುದು ಪತ್ರವಿಲ್ಲದ ಕಾರಣಕ್ಕೆ ‘ಅನಧಿಕೃತ ಗೈರುಹಾಜರಿ’ ಎಂದಾಗುತ್ತದೆ. ಕೆಲಸ ಹೋದದ್ದು ಎರಡು ಕಡೆಯೂ ಒಂದೇ. ಮುಂದಿನ ಮಾಲೀಕನ ಮುಂದೆ ಹಿಡಿಯುವ ಕಾಗದ ಒಂದೇ ಅಲ್ಲ.

ಹಾಗೆಂದು ಗೈರಾದವನಿಗೆ ಯಾವ ಹಕ್ಕೂ ಉಳಿಯುವುದಿಲ್ಲವೆಂದು ಹೆದರಿಸಲಾಗದು. 8 ದಿನ ಬಾರದವನ ಕೆಲಸ ತಾನಾಗಿ ಹೋಯಿತೆಂದು ಕಾರ್ಖಾನೆಯೊಂದು ತೀರ್ಮಾನಿಸಿದ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಹಾಗೆ ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಹೇಳಿ ಕಾರ್ಮಿಕನನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಮನೆಗೆ ಬರುವ ಇಂಗ್ಲಿಷ್ ಪತ್ರಕ್ಕೆ ಅಷ್ಟು ಬೆಲೆಯಿರುವುದು ಇದೇ ಕಾರಣದಿಂದ. ಅದು ಅನೇಕ ವೇಳೆ ‘ಬಂದು ಕಾರಣ ಹೇಳು’ ಎಂಬ ಕರೆಯಾಗಿರುತ್ತದೆ. ಅಂಥ ಪತ್ರ ಬಂದರೆ ಶಾಲೆಗೆ ತಂದು ಓದಿಸಿಕೊಳ್ಳಿರೆಂದು ಪಾಲಕರ ಸಭೆಯಲ್ಲಿ ಹೇಳುವ ಮುಖ್ಯೋಪಾಧ್ಯಾಯರು ಊರಿಗೆ ಬಹಳ ಉಪಕಾರ ಮಾಡಿದಂತಾಗುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಹಲವು ಕಾಯಿದೆಗಳ ಸ್ಥಾನವನ್ನು ಪಡೆದಿವೆ. ಶಿಕ್ಷಕರಿಗೆ ಅವುಗಳಲ್ಲಿ ಎರಡು ಅಂಶಗಳು ಮುಖ್ಯ. ನೌಕರನಿಗೆ ನೇಮಕಾತಿ ಪತ್ರ ಕೊಡುವುದು ಮಾಲೀಕನ ಕರ್ತವ್ಯವಾಗಿದೆ. ರಾಜೀನಾಮೆ ಕೊಟ್ಟವನಿಗೂ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ಹೇಳದೆ ಬಿಟ್ಟರೆ ಭವಿಷ್ಯನಿಧಿಯ ಹಣ ಮುಳುಗುತ್ತದೆಂಬ ನಂಬಿಕೆ ಊರೂರಲ್ಲಿದೆ. ಅದು ನಿಜವಲ್ಲ. ಆ ಹಣ ಸದಸ್ಯನದು. ತೊಡಕಾಗುವುದು ನಿರ್ಗಮನದ ದಿನಾಂಕ ದಾಖಲಾಗದಿದ್ದಾಗ. ಹಣವನ್ನು ಹೊಸ ಖಾತೆಗೆ ವರ್ಗಾಯಿಸುವುದೂ ಹಿಂದಕ್ಕೆ ಪಡೆಯುವುದೂ ಆಗ ನಿಂತುಹೋಗುತ್ತವೆ. 2020ರಿಂದೀಚೆಗೆ, ಕೊನೆಯ ವಂತಿಗೆ ಸಂದಾಯವಾಗಿ ಎರಡು ತಿಂಗಳು ಕಳೆದ ಬಳಿಕ, ಸದಸ್ಯನೇ ಜಾಲತಾಣದಲ್ಲಿ ಆ ದಿನಾಂಕವನ್ನು ತುಂಬುವ ಸೌಲಭ್ಯವಿದೆ. ಆಧಾರ್ ಜೋಡಣೆಯಾಗಿರುವ ಮೊಬೈಲ್ ಸಂಖ್ಯೆ ಕೈಯಲ್ಲಿದ್ದರಷ್ಟೇ ಅದು ಸಾಧ್ಯ. ಸಿಮ್ ಬದಲಿಸಿದ ಹುಡುಗ ಅಲ್ಲಿಯೂ ಸಿಕ್ಕಿಕೊಳ್ಳುತ್ತಾನೆ. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಅರ್ಹನಾಗಲು ಒಟ್ಟು 10 ವರ್ಷಗಳ ಸೇವೆ ಬೇಕು. ಹಳೆಯ ಸೇವೆಯನ್ನು ಹೊಸದಕ್ಕೆ ಜೋಡಿಸದಿದ್ದರೆ ಆ ಹದಿನಾಲ್ಕು ತಿಂಗಳು ಲೆಕ್ಕದ ಹೊರಗೇ ಉಳಿಯುತ್ತದೆ. ಉಪದಾನಕ್ಕೂ, ಅಂದರೆ ಗ್ರ್ಯಾಚುಟಿಗೂ, ಇದೇ ಮಾತು: ಕಾಯಂ ನೌಕರನಿಗೆ 5 ವರ್ಷಗಳ ಸತತ ಸೇವೆ ಮುಗಿದಿದ್ದರೆ ರಾಜೀನಾಮೆ ಕೊಟ್ಟರೂ ಅದು ಬರುತ್ತದೆ, ಮುನ್ಸೂಚನೆ ಕೊಡಲಿಲ್ಲ ಎಂಬುದಷ್ಟೇ ಅದನ್ನು ಕಸಿಯಲು ಕಾರಣವಾಗದು.

ಕರಾರಿನ ಹಣದ ವಿಚಾರವನ್ನು ಹಳೆಯ ವಿದ್ಯಾರ್ಥಿಗಳು ಆಗಾಗ ಶಿಕ್ಷಕರ ಬಳಿ ತರುತ್ತಾರೆ: ‘ಮೂರು ವರ್ಷ ಬಿಡಬಾರದು, ಬಿಟ್ಟರೆ ಇಷ್ಟು ಕಟ್ಟಬೇಕು ಎಂದು ಬರೆಸಿಕೊಂಡಿದ್ದಾರೆ, ಅದು ನಡೆಯುತ್ತದೆಯೇ?’ ಒಬ್ಬನನ್ನು ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲು ಯಾವ ನ್ಯಾಯಾಲಯವೂ ಆಜ್ಞೆ ಮಾಡದು. ಹಣದ ಮಾತು ಬೇರೆ. ಮಂಗಳೂರಿನಲ್ಲಿ ಹುಟ್ಟಿ ಬೆಳೆದು ಮುಂದೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್, ಮೂರು ವರ್ಷಕ್ಕೆ ಮುಂಚೆ ಬಿಡುವ ಅಧಿಕಾರಿ 2 ಲಕ್ಷ ರೂಪಾಯಿ ಕೊಡಬೇಕೆಂದು ನೇಮಕಾತಿಯಲ್ಲಿ ಷರತ್ತು ಹಾಕಿತ್ತು. ಆ ಷರತ್ತು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆದರೆ ಅದು ಸಾರ್ವಜನಿಕ ರಂಗದ ಬ್ಯಾಂಕು, ಒಳ್ಳೆಯ ಸಂಬಳದ ಅಧಿಕಾರಿ ಹುದ್ದೆ. ಎಂಟು ಹತ್ತು ಸಾವಿರದ ಕೆಲಸಕ್ಕೆ ಲಕ್ಷದ ಕರಾರು ಬರೆಸಿಕೊಳ್ಳುವವನು ಅದೇ ತೀರ್ಪನ್ನು ತೋರಿಸಿ ಹೆದರಿಸಿದರೆ ಹೆದರಬೇಕಾಗಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಸಲ್ಲುವುದು ನ್ಯಾಯವಾದ ಪರಿಹಾರ ಮಾತ್ರ. ಮೂಲ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವ ಕಡೆ ಸೇರುವಾಗಲೇ ಎಚ್ಚರದಿಂದಿರಬೇಕೆಂದು ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಹೇಳಬಹುದು. ಅಂದು ಮಕ್ಕಳು ಕೇಳಿಸಿಕೊಳ್ಳುವ ಮನಸ್ಸಿನಲ್ಲಿರುತ್ತಾರೆ.

ಎಲ್ಲಿ ಪೆಟ್ಟು, ಎಲ್ಲಿ ಇಲ್ಲ

ಹೇಳದೆ ಬಿಟ್ಟವನಿಗೆ ಮುಂದೆ ಕೆಲಸವೇ ಸಿಗದು ಎಂದು ಕಲಿಸಿದರೆ ಮಕ್ಕಳು ನಂಬುವುದಿಲ್ಲ, ಏಕೆಂದರೆ ಅವರ ಅಣ್ಣಂದಿರಿಗೆ ಸಿಕ್ಕಿದೆ. ಹೋಟೆಲು, ಅಂಗಡಿ, ಸಣ್ಣ ಹೊಲಿಗೆ ಘಟಕಗಳಲ್ಲಿ ಯಾರೂ ಹಳೆಯ ಕಾಗದ ಕೇಳುವುದಿಲ್ಲ; ಕೈಕೆಲಸ ನೋಡಿ ಸೇರಿಸಿಕೊಳ್ಳುತ್ತಾರೆ. ಪೆಟ್ಟು ಬೀಳುವುದು ಅಲ್ಲಿಂದ ಮೇಲೇರಲು ಹೊರಟಾಗ. ಸಂಘಟಿತ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ, ಶಾಲೆ, ಸರ್ಕಾರ, ವಿದೇಶ ಇವೆಲ್ಲ ಕಾಗದ ಕೇಳುವ ಜಾಗಗಳು. ದಾದಿಯರ ವೃತ್ತಿಯಲ್ಲಿ ಇದು ಎದ್ದು ಕಾಣುತ್ತದೆ: ಹೊರದೇಶದ ಆಸ್ಪತ್ರೆಗಳು ಕೇಳುವ ಅನುಭವ ಪತ್ರವನ್ನು ಕೊಡಬೇಕಾದವರು ಹಿಂದಿನ ಆಸ್ಪತ್ರೆಯವರೇ.

ಕಾಸರಗೋಡಿನ ಶಿಕ್ಷಕರು ಗಲ್ಫಿನ ಸಂಗತಿಯನ್ನು ವಿಶೇಷವಾಗಿ ತಿಳಿದಿರಬೇಕು. ಸಂಯುಕ್ತ ಅರಬ್ ಸಂಸ್ಥಾನಗಳ 2021ರ ಕಾರ್ಮಿಕ ಕಾನೂನಿನಂತೆ ಮುನ್ಸೂಚನೆಯ ಅವಧಿ 30 ದಿನಕ್ಕೆ ಕಡಿಮೆಯಿಲ್ಲ, 90 ದಿನಕ್ಕೆ ಹೆಚ್ಚಿಲ್ಲ. ಪರೀಕ್ಷಾರ್ಥ ಅವಧಿಯಲ್ಲಿಯೇ ಬಿಟ್ಟು ದೇಶಕ್ಕೆ ಮರಳುವವನು 14 ದಿನ ಮುಂಚೆ, ಅಲ್ಲಿಯೇ ಬೇರೆ ಮಾಲೀಕನ ಬಳಿಗೆ ಹೋಗುವವನು ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು. ತಿಳಿಸದೆ ದೇಶ ಬಿಟ್ಟವನಿಗೆ ಒಂದು ವರ್ಷ ಕೆಲಸದ ಪರವಾನಗಿ ಸಿಗುವುದಿಲ್ಲ. ಸಕಾರಣವಿಲ್ಲದೆ ಕೆಲಸಕ್ಕೆ ಬಾರದೆ ಹೋದವನಿಗೂ ಒಂದು ವರ್ಷದ ತಡೆ ಇದೆ. ಊರಿನಲ್ಲಿ ‘ಹೋಗಲಿಲ್ಲ, ಅಷ್ಟೇ’ ಎಂದು ಮುಗಿಯುವ ಮಾತು ಅಲ್ಲಿ ಸರ್ಕಾರಿ ದಾಖಲೆಯಾಗುತ್ತದೆ. ಸಾಲ ಮಾಡಿ ವಿಮಾನ ಹತ್ತಿದ ಮನೆಗೆ ಒಂದು ವರ್ಷವೆಂದರೆ ಸಣ್ಣದಲ್ಲ.

ಸರ್ಕಾರಿ ಸೇವೆಯ ಮಾತು ಇನ್ನೊಂದು ಬಗೆಯದು. ಅಲ್ಲಿ ರಾಜೀನಾಮೆ ಅಂಗೀಕಾರವಾಗುವವರೆಗೆ ಸೇವೆ ಮುಗಿದಂತಲ್ಲ. ಕೇಂದ್ರ ಸರ್ಕಾರದ ಪಿಂಚಣಿ ನಿಯಮಗಳಂತೆ ರಾಜೀನಾಮೆಯಿಂದ ಹಿಂದಿನ ಸೇವೆಯೆಲ್ಲ ಲೆಕ್ಕಕ್ಕೆ ಬಾರದಾಗುತ್ತದೆ. ಅನುಮತಿ ಪಡೆದು ಮತ್ತೊಂದು ಸರ್ಕಾರಿ ಹುದ್ದೆಗೆ ಸೇರಲು ಕೊಟ್ಟ ರಾಜೀನಾಮೆಗೆ ಮಾತ್ರ ವಿನಾಯಿತಿ. ‘ಸೂಕ್ತ ಮಾರ್ಗದ ಮೂಲಕ’ ಅರ್ಜಿ ಹಾಕು ಎಂದು ಹಿರಿಯರು ಹೇಳುವುದು ಈ ಕಾರಣಕ್ಕೆ. ನೇಮಕಾತಿಯ ಪೂರ್ವದಲ್ಲಿ ತುಂಬುವ ದೃಢೀಕರಣ ನಮೂನೆಗಳಲ್ಲಿ ಹಿಂದಿನ ಉದ್ಯೋಗ, ಅದನ್ನು ಬಿಟ್ಟ ಕಾರಣ ಎಂಬ ಅಂಕಣಗಳು ಇರುತ್ತವೆ. ಅವನ್ನು ಖಾಲಿ ಬಿಡುವುದು ಗೈರುಹಾಜರಿಗಿಂತ ದೊಡ್ಡ ಅಪಾಯ.

ಹೇಳದೆ ಹೊರಟುಬಿಡುವುದೇ ಸರಿಯಾದ ಸಂದರ್ಭಗಳೂ ಇವೆ. ಜತ್ತ, ಸೊಲ್ಲಾಪುರ ಕಡೆಯ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬು ಕಡಿಯಲು ಹೋಗುವ ಕುಟುಂಬಗಳು ಪಡೆಯುವ ‘ಉಚಲ’ ಎಂಬ ಮುಂಗಡ ತೀರುವವರೆಗೆ ಜನರನ್ನು ಬಿಡದೆ ಹಿಡಿದಿಟ್ಟರೆ ಅದು ಉದ್ಯೋಗವಲ್ಲ, 1976ರ ಕಾಯಿದೆ ನಿಷೇಧಿಸಿದ ಜೀತ. ಹೊಡೆತ, ಲೈಂಗಿಕ ಕಿರುಕುಳ, ಬೀಗ ಹಾಕಿದ ವಸತಿ ಇವುಗಳ ಮುಂದೆ 30 ದಿನದ ಮುನ್ಸೂಚನೆಯ ಪಾಠ ಹೇಳುವ ಶಿಕ್ಷಕ ಮಗುವಿಗೆ ದ್ರೋಹ ಬಗೆದಂತೆ. ಅಲ್ಲಿ ಮೊದಲು ಹೊರಬರಬೇಕು. ಹದಿನೆಂಟರೊಳಗಿನವರಿಗೆ 1098, ಹೆಣ್ಣುಮಕ್ಕಳಿಗೆ 181 ದೂರವಾಣಿ ಇದೆ. ಹೊರಬಂದ ಮೇಲೆ ಒಂದು ಸ್ಪೀಡ್ ಪೋಸ್ಟ್ ಪತ್ರವೋ ಅಳಿಸದೆ ಉಳಿಸಿಕೊಂಡ ವಾಟ್ಸಾಪ್ ಸಂದೇಶವೋ ಇರಲಿ: ಇಂಥ ದಿನ, ಇಂಥ ಕಾರಣಕ್ಕೆ ಬಿಟ್ಟೆ. ಆ ಸಾಕ್ಷ್ಯ ಮುಂದೆ ಒದಗುತ್ತದೆ.

ಶಾಲೆಯ ಒಳಗೆ

ಈ ಪಾಠವನ್ನು ಮಾಡುವವರು ತಮ್ಮ ಶಾಲೆಯತ್ತಲೂ ಒಮ್ಮೆ ನೋಡಬೇಕಾಗುತ್ತದೆ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ದಿನಗೂಲಿಯ, ಅತಿಥಿ, ಗೌರವಧನದ ಶಿಕ್ಷಕರು ಬಹಳ. ಲೋಕಸೇವಾ ಆಯೋಗದ ಆದೇಶವೋ ಊರಿಗೆ ಹತ್ತಿರದ ಇನ್ನೊಂದು ಶಾಲೆಯೋ ಸಿಕ್ಕಿದೊಡನೆ ಶುಕ್ರವಾರ ಪಾಠ ಮಾಡಿದವರು ಸೋಮವಾರ ಇರುವುದಿಲ್ಲ. ಹೋಗುವ ಹಕ್ಕು ಅವರಿಗಿದೆ. ಅಷ್ಟು ಕಡಿಮೆ ಗೌರವಧನಕ್ಕೆ ಅವರನ್ನು ಹಿಡಿದಿಡುವ ನೈತಿಕ ಬಲ ಆಡಳಿತ ಮಂಡಳಿಗಿಲ್ಲ. ಆದರೆ ಕನ್ನಡ ಮಾಧ್ಯಮದ ಗಣಿತ ಶಿಕ್ಷಕನ ಸ್ಥಾನ ನಡುವರ್ಷದಲ್ಲಿ ತೆರವಾದರೆ ಅದನ್ನು ತುಂಬಲು ಕನ್ನಡ ಬಲ್ಲವರು ಅಷ್ಟು ಬೇಗ ಸಿಗುವುದಿಲ್ಲ. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಕಾಸರಗೋಡಿನ ಪಾಲಕರೂ ಮಕ್ಕಳೂ ಬೀದಿಗಿಳಿದು ಪ್ರತಿಭಟಿಸಿದ್ದು ಎಲ್ಲರಿಗೂ ನೆನಪಿರುವ ಸಂಗತಿ. ಬೇರೆಡೆ ಒಂದು ತಿಂಗಳ ಮುನ್ಸೂಚನೆ ಮಾಲೀಕನ ಅನುಕೂಲ. ಇಲ್ಲಿ ಅದು ಒಂದು ತರಗತಿಯ ಭಾಷೆಯನ್ನು ಕಾಯುವ ಅವಧಿ. ಹದಿನೈದು ದಿನ ಸಿಕ್ಕರೂ ಮುಖ್ಯೋಪಾಧ್ಯಾಯರು ಹತ್ತಿರದ ಹಳೆಯ ಶಿಕ್ಷಕರೊಬ್ಬರನ್ನು ಒಪ್ಪಿಸಬಲ್ಲರು. ಹಾಜರಿ ಪುಸ್ತಕ, ನಿರಂತರ ಮೌಲ್ಯಮಾಪನದ ದಾಖಲೆ, ಪಾಠಟಿಪ್ಪಣಿ, ಗ್ರಂಥಾಲಯದ ಬೀಗದ ಕೈ ಇವು ಕೈಯಿಂದ ಕೈಗೆ ದಾಟುತ್ತವೆ. ಹೋದ ಶಿಕ್ಷಕ ಮುಂದೆ ಅನುಭವ ಪತ್ರಕ್ಕೆ ಬಂದಾಗ ಮುಖ್ಯೋಪಾಧ್ಯಾಯರ ಲೇಖನಿ ತಡವರಿಸುವುದಿಲ್ಲ. ತಮ್ಮ ಶಿಕ್ಷಕ ತಿಳಿಸಿ ಹೊರಟದ್ದನ್ನು ಕಂಡ ಮಕ್ಕಳಿಗೆ ಈ ಪಾಠದ ಅರ್ಧ ಬೇಕಾಗುವುದೂ ಇಲ್ಲ.

ಶಬ್ದದಿಂದ ಪತ್ರಕ್ಕೆ

ಪಾಠವನ್ನು ‘ರಾಜೀನಾಮೆ’ ಎಂಬ ಶಬ್ದದಿಂದ ಆರಂಭಿಸುವುದು ಗಡಿನಾಡಿನ ತರಗತಿಗೆ ಬಹಳ ಒಪ್ಪುತ್ತದೆ. ಇದು ಪಾರಸಿಯ ಮೂಲಕ ಬಂದ ಮಾತು: ‘ರಾಜಿ’ ಎಂದರೆ ಒಪ್ಪಿಗೆಯುಳ್ಳ, ‘ನಾಮೆ’ ಎಂದರೆ ಬರಹ. ಒಪ್ಪಿಗೆಯ ಬರಹ. ಮರಾಠಿಯಲ್ಲಿ ‘ರಾಜೀನಾಮಾ’, ತೆಲುಗಿನಲ್ಲಿ ‘ರಾಜೀನಾಮಾ’, ತಮಿಳಿನಲ್ಲಿ ‘ರಾಜಿನಾಮಾ’, ಕೊಂಕಣಿಯಲ್ಲಿ ‘ರಾಜಿನಾಮೊ’. ಹೀಗೆ ಕನ್ನಡದ ಹುಡುಗ ಗಡಿ ದಾಟಿ ಎತ್ತ ಹೋದರೂ ಈ ಒಂದು ಮಾತು ಅವನ ಜೊತೆಗೆ ಬರುತ್ತದೆ. ಮಲಯಾಳದಲ್ಲಿ ಮಾತ್ರ ಒಂದು ಸ್ವಾರಸ್ಯವಿದೆ. ಅಲ್ಲಿ ‘ರಾಜಿ’ ಎಂದರೇ ರಾಜೀನಾಮೆ. ‘ರಾಜಿಕ್ಕತ್ತ್’ ಎಂದರೆ ರಾಜೀನಾಮೆ ಪತ್ರ. ಕನ್ನಡದಲ್ಲಿ ‘ರಾಜಿ ಮಾಡಿಕೊಂಡರು’ ಎಂದರೆ ಜಗಳ ಬಗೆಹರಿಯಿತು. ಎರಡೂ ಭಾಷೆ ಆಡುವ ಕಾಸರಗೋಡಿನ ಮಕ್ಕಳು ಈ ವ್ಯತ್ಯಾಸವನ್ನು ನಗುತ್ತಲೇ ಹಿಡಿದುಕೊಳ್ಳುತ್ತಾರೆ.

‘ನೋಟಿಸು’ ಎಂಬ ಮಾತಿಗೆ ಹಳ್ಳಿಯಲ್ಲಿ ಕೋರ್ಟಿನ ಅಂಜಿಕೆ ಅಂಟಿಕೊಂಡಿದೆ. ನೋಟಿಸು ಬರುವುದು ನಮಗೆ, ಕೊಡುವವರು ದೊಡ್ಡವರು ಎಂಬುದು ಮಕ್ಕಳ ತಿಳಿವಳಿಕೆ. ಕೆಲಸಗಾರನೂ ನೋಟಿಸು ಕೊಡಬಲ್ಲನೆಂಬುದೇ ಅವರಿಗೆ ಹೊಸದು. ಆದುದರಿಂದ ‘ಮುನ್ಸೂಚನೆ’ ಎಂಬ ಶಬ್ದವನ್ನು ಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸುವುದು ಲೇಸು.

ಪತ್ರದ ರೂಪದಲ್ಲಿ ಮಕ್ಕಳು ಎಡವುವ ಜಾಗ ಕ್ರಿಯಾಪದ. ರಜಾ ಅರ್ಜಿಯನ್ನೇ ಬರೆದು ಬರೆದು ರೂಢಿಯಾದ ಕೈ ಇಲ್ಲಿಯೂ ‘ದಯವಿಟ್ಟು ಕೆಲಸ ಬಿಡಲು ಅನುಮತಿ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ’ ಎಂದು ಬರೆಯುತ್ತದೆ. ರಜೆ ಕೇಳುವುದು ವಿನಂತಿ. ಖಾಸಗಿ ಕೆಲಸದಲ್ಲಿ ರಾಜೀನಾಮೆ ತಿಳಿವಳಿಕೆ. ಬೇಡುವ ಕ್ರಿಯಾಪದದ ಬದಲು ತಿಳಿಸುವ ಕ್ರಿಯಾಪದ ಬೇಕು, ವಿನಯ ಕೆಡದಂತೆ. ಇನ್ನು ಕೆಲವರು ಮೇಲ್ವಿಚಾರಕನ ತಪ್ಪುಗಳ ಪಟ್ಟಿಯನ್ನೇ ಸೇರಿಸುತ್ತಾರೆ. ದೂರು ಬೇರೆ ಪತ್ರ; ಅದನ್ನು ಬೇರೆಯಾಗಿಯೇ ಬರೆಯಿಸಬೇಕು. ಬಹಳ ಮಂದಿ ಮರೆಯುವುದು ಕೊನೆಯ ಕೆಲಸದ ದಿನಾಂಕವನ್ನು.

ಮಾದರಿಗಾಗಿ:

ಹೊಸೂರು
ದಿನಾಂಕ: 10 ಜೂನ್

ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ ಇವರಿಗೆ,

ಮಾನ್ಯರೇ,

ವಿಷಯ: ಕೆಲಸಕ್ಕೆ ರಾಜೀನಾಮೆ

ತಮ್ಮ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ಹದಿನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ತಂದೆಯವರ ಅನಾರೋಗ್ಯದ ಕಾರಣ ಊರಿನಲ್ಲಿಯೇ ಇರಬೇಕಾಗಿರುವುದರಿಂದ ಕೆಲಸಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 30 ದಿನಗಳ ಮುನ್ಸೂಚನೆ ಇದಾಗಿದ್ದು, ಜುಲೈ 10 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ಅದಕ್ಕೂ ಮೊದಲು ಬಿಡುಗಡೆ ಮಾಡಲು ಸಾಧ್ಯವಾದರೆ ಉಪಕಾರವಾಗುತ್ತದೆ. ನನ್ನ ವಶದಲ್ಲಿರುವ ಉಪಕರಣಗಳನ್ನು ಅಂದು ಒಪ್ಪಿಸುತ್ತೇನೆ. ಬಾಕಿ ಸಂಬಳ, ಬಿಡುಗಡೆ ಪತ್ರ ಮತ್ತು ಅನುಭವ ಪತ್ರಗಳನ್ನು ಕೊಡಿಸಬೇಕಾಗಿ ಕೋರುತ್ತೇನೆ. ಇಲ್ಲಿ ಕೆಲಸ ಕಲಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ನೌಕರ ಸಂಖ್ಯೆ)

‘ಅದಕ್ಕೂ ಮೊದಲು ಬಿಡುಗಡೆ’ ಎಂಬ ವಾಕ್ಯವನ್ನು ಮಕ್ಕಳಿಂದ ಎರಡು ಸಲ ಓದಿಸಬೇಕು. ಕಷ್ಟ ಬಂದಾಗ 30 ದಿನ ಕಾಯಲಾಗದೆಂಬುದೇ ಮೌನಕ್ಕೆ ಕಾರಣವಾಗುವುದುಂಟು. ಕೇಳಿದರೆ ಅವಧಿಯನ್ನು ಕಡಿಮೆ ಮಾಡಿಕೊಳ್ಳುವ ದಾರಿ ಇದೆ ಎಂದು ಆ ವಾಕ್ಯ ತೋರಿಸುತ್ತದೆ. ಈ ವಾಕ್ಯದಲ್ಲಿ ಮತ್ತು ಬಾಕಿ ಸಂಬಳ ಕೇಳುವ ವಾಕ್ಯದಲ್ಲಿ ಮಾತ್ರ ಪತ್ರ ಕೋರಿಕೆಯ ಧಾಟಿಗೆ ತಿರುಗಿರುವುದನ್ನು ಮಕ್ಕಳೇ ಗುರುತಿಸಲಿ. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕೆಂಬುದನ್ನು ಮರೆಯದೆ ಹೇಳಬೇಕು.

ಎರಡನೆಯ ಅವಧಿಯಲ್ಲಿ ಇದೇ ಪತ್ರವನ್ನು ರಾಜ್ಯದ ಭಾಷೆಗೂ ಇಂಗ್ಲಿಷಿಗೂ ತಿರುಗಿಸಲು ಆ ಭಾಷೆಗಳ ಶಿಕ್ಷಕರ ನೆರವು ಪಡೆಯಬಹುದು. ಕನ್ನಡದಲ್ಲಿ ಮೊದಲು ಯೋಚಿಸಿ ಬರೆದ ಮಗು ಅನುವಾದದಲ್ಲಿ ತಡವರಿಸುವುದು ಕಡಿಮೆ. ಬಳಿಕ ಇಬ್ಬರು ಮಕ್ಕಳಿಂದ ಫೋನಿನ ಸಂಭಾಷಣೆಯನ್ನು ಆಡಿಸಬೇಕು: ಊರಿನಲ್ಲಿರುವ ಹುಡುಗ, ಕಾರ್ಖಾನೆಯ ಮೇಲ್ವಿಚಾರಕ. ಮೇಲ್ವಿಚಾರಕ ಗದರಲಿ. ಹುಡುಗ ‘ಸಾರ್, ಫೋನ್ ಇಡಬೇಡಿ, ಒಂದು ಮಾತು ಹೇಳ್ತೀನಿ’ ಎಂದು ಆರಂಭಿಸಿ ಮುಗಿಸಲಿ.

ಮನೆಗೆಲಸವಾಗಿ, ಅಣ್ಣನದೋ ಅಕ್ಕನದೋ ನೆರೆಯವರದೋ ನೇಮಕಾತಿ ಪತ್ರವನ್ನು, ಸಂಬಳದ ಅಂಕಿಯನ್ನು ಮುಚ್ಚಿ, ತರಗತಿಗೆ ತರಲು ಹೇಳಬೇಕು. ಮುನ್ಸೂಚನೆ ಎಷ್ಟು ದಿನ, ಪರೀಕ್ಷಾರ್ಥ ಅವಧಿ ಎಷ್ಟು ತಿಂಗಳು, ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವ ಮಾತಿದೆಯೇ ಎಂಬ ಮೂರು ಸಾಲುಗಳನ್ನು ಗುರುತು ಹಾಕಿಸಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೋ ಐದೋ ಪತ್ರಗಳು ಬಂದಾವು. ಪತ್ರ ತರದ ಮಕ್ಕಳನ್ನು, ಮನೆಯವರು ಅಲ್ಲಿ ದುಡಿಯುತ್ತಿದ್ದಾರೆಂಬುದಕ್ಕೆ ಯಾವ ಕಾಗದವಿದೆ ಎಂದು ಕೇಳಿ, ಅವರು ಹೇಳಿದ್ದನ್ನು, ಏನೂ ಇಲ್ಲ ಎಂದರೆ ಅದನ್ನೂ, ಹಲಗೆಯ ಮೇಲೆ ಬರೆಯಬೇಕು.